ಭಾಮೈದ ಕಳೆದುಹೋದ ರಾತ್ರಿ: ‘ದಿ ಹ್ಯಾಂಗೊವರ್ ಪಾರ್ಟ್ 2’ ನೋಡುವ ಮುನ್ನ

ಮದುವೆ ಹತ್ತಿರ ಬಂದಿದೆ, ಹುಡುಗಿಯ ತಮ್ಮ ಕಾಣೆಯಾಗಿದ್ದಾನೆ. ವಯಸ್ಸು 16, ಅಪ್ಪನ ಕಣ್ಮಣಿ, ಡಾಕ್ಟರಾಗಲು ಹೊರಟ ಜಾಣ, ಚೆಲ್ಲೊ ಬೇರೆ ನುಡಿಸುತ್ತಾನೆ. ಅವನನ್ನು ಕೊನೆಯ ಸಲ ಕಂಡವರು ಮದುಮಗ ಮತ್ತು ಅವನ ಇಬ್ಬರು ಗೆಳೆಯರು. ಬ್ಯಾಂಕಾಕಿನ ಒಂದು ಹೊಲಸು ಹೋಟೆಲ್ ಕೋಣೆಯಲ್ಲಿ ಈ ಮೂವರಿಗೆ ಎಚ್ಚರವಾದಾಗ ಹುಡುಗ ಅಲ್ಲಿಲ್ಲ. ಉಂಗುರ ತೊಟ್ಟ ಅವನ ಬೆರಳು ಮಾತ್ರ ಒಂದು ಬಟ್ಟಲಿನಲ್ಲಿದೆ. ಮದುಮಗನ ಮುಖದ ಮೇಲೆ ಹಚ್ಚೆ, ಒಬ್ಬ ಗೆಳೆಯನ ತಲೆ ಬೋಳು, ಕೋಣೆಯಲ್ಲಿ ಜೀನ್ಸ್ ಅಂಗಿ ತೊಟ್ಟ ಒಂದು ಕೋತಿ. ರಾತ್ರಿ ನಡೆದದ್ದರಲ್ಲಿ ಒಂದು ಕ್ಷಣವೂ ಯಾರಿಗೂ ನೆನಪಿಲ್ಲ. ಭಾಮೈದನನ್ನು ಹುಡುಕಿ ತರದೆ ಮಾವನಿಗೆ ಮುಖ ತೋರಿಸುವಂತಿಲ್ಲ.

2011ರ ಮೇ 26ರಂದು ಅಮೆರಿಕದಲ್ಲಿ ತೆರೆಕಂಡ ‘ದಿ ಹ್ಯಾಂಗೊವರ್ ಪಾರ್ಟ್ 2’ ಚಿತ್ರದ ಮೊದಲ ಕಾಲು ಭಾಗ ಇಷ್ಟು. ಅವಧಿ 102 ನಿಮಿಷ. ನಿರ್ದೇಶಕ ಟಾಡ್ ಫಿಲಿಪ್ಸ್. ಫಿಲ್ ಆಗಿ ಬ್ರ್ಯಾಡ್ಲಿ ಕೂಪರ್, ಮದುಮಗ ಸ್ಟೂ ಆಗಿ ಎಡ್ ಹೆಲ್ಮ್ಸ್, ಆ್ಯಲನ್ ಆಗಿ ಝ್ಯಾಕ್ ಗ್ಯಾಲಿಫಿಯಾನಾಕಿಸ್, ರೌಡಿ ಚೌ ಆಗಿ ಕೆನ್ ಜಿಯಾಂಗ್. ಕಳೆದುಹೋಗುವ ಟೆಡ್ಡಿಯ ಪಾತ್ರದಲ್ಲಿ ಮೇಸನ್ ಲೀ. ಈತ ನಿರ್ದೇಶಕ ಆ್ಯಂಗ್ ಲೀ ಅವರ ಮಗ. ಮುಂದಿನ ಸಾಲುಗಳಲ್ಲಿ ಎರಡೂ ಭಾಗಗಳ ಗುಟ್ಟು ಒಡೆಯುತ್ತದೆ. ಮೊದಲ ಭಾಗವನ್ನು ಇನ್ನೂ ನೋಡಿಲ್ಲದವರು ಅದನ್ನು ನೋಡಿಯೇ ಇಲ್ಲಿಗೆ ಬರುವುದು ಒಳ್ಳೆಯದು. ಯಾಕೆಂದರೆ ಎರಡನೆಯದರ ಬಗ್ಗೆ ಏನು ಹೇಳಹೊರಟರೂ ಮೊದಲನೆಯದನ್ನು ಪಕ್ಕಕ್ಕಿಟ್ಟೇ ಹೇಳಬೇಕಾಗುತ್ತದೆ.

2009ರ ಮೊದಲ ಭಾಗ ಸುಮಾರು 3.5 ಕೋಟಿ ಡಾಲರಿನಲ್ಲಿ ತಯಾರಾಗಿ ಜಗತ್ತಿನಾದ್ಯಂತ 46 ಕೋಟಿಗೂ ಹೆಚ್ಚು ಗಳಿಸಿತು. ಅತ್ಯುತ್ತಮ ಹಾಸ್ಯ ಅಥವಾ ಸಂಗೀತ ಚಿತ್ರಕ್ಕೆ ಕೊಡುವ ಗೋಲ್ಡನ್ ಗ್ಲೋಬ್ ಕೂಡ ಅದಕ್ಕೇ ಬಂತು. ಎರಡನೆಯದಕ್ಕೆ ಸುಮಾರು 8 ಕೋಟಿ ಡಾಲರ್ ಸುರಿದರು. ಹಣ ಎರಡು ಪಟ್ಟು ದಾಟಿದರೂ ಕಥೆಯ ನಕಾಶೆ ಒಂದಿಷ್ಟೂ ಬದಲಾಗಲಿಲ್ಲ. ಅಲ್ಲಿ ಲಾಸ್ ವೇಗಸ್, ಇಲ್ಲಿ ಬ್ಯಾಂಕಾಕ್. ಅಲ್ಲಿ ಹುಲಿ, ಇಲ್ಲಿ ಕೋತಿ. ಅಲ್ಲಿ ಸ್ಟೂನ ಹಲ್ಲು ಹೋಗಿತ್ತು, ಇಲ್ಲಿ ಅವನ ಮುಖವೇ ಕೆಟ್ಟಿದೆ. ಅಲ್ಲಿ ಕೈಯಲ್ಲೊಂದು ಕೂಸು, ಇಲ್ಲಿ ಗಾಲಿಕುರ್ಚಿಯಲ್ಲಿ ಕೂತ ಮಾತಾಡದ ಮುದಿ ಭಿಕ್ಷು. ಅಲ್ಲಿ ಸ್ಟೂ ಪಿಯಾನೊ ನುಡಿಸಿ ತನ್ನ ಗೋಳನ್ನು ಹಾಡಿದ, ಇಲ್ಲಿ ದೋಣಿಯಲ್ಲಿ ಗಿಟಾರ್ ಹಿಡಿದು ಹಾಡುತ್ತಾನೆ. ಎರಡರ ಆರಂಭವೂ ಒಂದೇ: ಮದುವೆ ಮನೆಗೆ ಫಿಲ್‌ನ ಫೋನು, ಕೆಲಸ ಕೆಟ್ಟಿತು ಎಂಬ ಸುದ್ದಿ. ಎರಡರಲ್ಲೂ ಬಾಕ್ಸರ್ ಮೈಕ್ ಟೈಸನ್ ಬರುತ್ತಾರೆ, ಎರಡೂ ಮುಗಿಯುವುದು ಫೋಟೊಗಳಲ್ಲಿ.

ಇದನ್ನೇ ಹಿಡಿದು ಚಿತ್ರವನ್ನು ತಳ್ಳಿಹಾಕಿದವರು ಬಹಳ ಮಂದಿ. ಆದರೆ ನಕಾಶೆ ಮರುಬಳಸಿದ್ದೇ ತಪ್ಪು ಎಂಬ ಮಾತನ್ನು ಒಪ್ಪುವುದು ಕಷ್ಟ. ನಮ್ಮ ಕಂಪನಿ ನಾಟಕಗಳ ಪ್ರೇಕ್ಷಕರು ಒಂದೇ ಹಾಸ್ಯ ಪ್ರಸಂಗವನ್ನು ಹತ್ತು ಸಲ ನೋಡಿ ಹತ್ತು ಸಲವೂ ನಕ್ಕವರು. ಮುಂದೇನಾಗುತ್ತದೆಂದು ಗೊತ್ತಿದ್ದೂ ನಗು ಬರುತ್ತದೆ, ಎಷ್ಟೋ ಸಲ ಗೊತ್ತಿದ್ದುದಕ್ಕೇ ಬರುತ್ತದೆ. ಈ ಚಿತ್ರದ ತೊಡಕಿರುವುದು ಬೇರೆ ಎರಡು ಕಡೆ: ಸುಳಿವುಗಳನ್ನು ಜೋಡಿಸಿದ ರೀತಿಯಲ್ಲಿ, ಮತ್ತು ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದರಲ್ಲಿ.

ಮೊದಲ ಭಾಗ ಮೇಲ್ನೋಟಕ್ಕೆ ಪೋಲಿ ಹಾಸ್ಯ, ಒಳಗೆ ಅಚ್ಚುಕಟ್ಟಾದ ಪತ್ತೇದಾರಿ ಕಥೆ. ಜಾನ್ ಲ್ಯೂಕಸ್ ಮತ್ತು ಸ್ಕಾಟ್ ಮೂರ್ ಬರೆದ ಆ ಚಿತ್ರಕಥೆಯಲ್ಲಿ ಪ್ರತಿ ಸುಳಿವೂ ಕೈಗೆ ಸಿಗುವ ವಸ್ತು. ಫಿಲ್‌ನ ಮಣಿಕಟ್ಟಿನಲ್ಲಿರುವ ಆಸ್ಪತ್ರೆಯ ಪಟ್ಟಿ ಅವರನ್ನು ಡಾಕ್ಟರ ಬಳಿ ಕರೆದೊಯ್ಯುತ್ತದೆ, ಡಾಕ್ಟರ ಮಾತು ಮದುವೆ ಮಾಡಿಸುವ ಚಾಪೆಲ್ಲಿಗೆ, ಅಲ್ಲಿಂದ ಸ್ಟೂ ಕಟ್ಟಿಕೊಂಡ ಹೆಂಡತಿಯ ಮನೆಗೆ. ಹೋಟೆಲಿನ ಮುಂದಿನ ಪ್ರತಿಮೆಗೆ ಚುಚ್ಚಿಕೊಂಡ ಹಾಸಿಗೆಯನ್ನು ಮೊದಲೇ ತೋರಿಸಿರುತ್ತಾರೆ. ವೇಗಸ್ ಹೋಟೆಲುಗಳ ಕಿಟಕಿ ತೆರೆಯುವುದಿಲ್ಲ, ಹಾಗಾದರೆ ಹಾಸಿಗೆ ಬಿದ್ದದ್ದು ತಾರಸಿಯಿಂದ, ಹಾಗಾದರೆ ಕಾಣೆಯಾದ ಮದುಮಗ ಡಗ್ ತಾರಸಿಯಲ್ಲೇ ಇದ್ದಾನೆ ಎಂದು ಕೊನೆಯಲ್ಲಿ ಸ್ಟೂಗೆ ಹೊಳೆಯುತ್ತದೆ. ಆ ಹೊಳಹು ನೋಡುವವರಿಗೂ ಅದೇ ಕ್ಷಣ ತಟ್ಟುತ್ತದೆ. ನಗೆ ಆ ಸರಪಳಿಯ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತದೆ.

ಎರಡನೆಯ ಭಾಗ ಬರೆದವರು ಕ್ರೇಗ್ ಮೇಜಿನ್, ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು ಸ್ವತಃ ಫಿಲಿಪ್ಸ್. ಇಲ್ಲಿ ಸರಪಳಿ ನಡುವಿನಲ್ಲೇ ಕಡಿಯುತ್ತದೆ. ಪೊಲೀಸ್ ಠಾಣೆಯಲ್ಲಿ ಟೆಡ್ಡಿಯ ಬದಲು ಭಿಕ್ಷು ಸಿಗುತ್ತಾನೆ, ಹಚ್ಚೆ ಅಂಗಡಿಯಲ್ಲಿ ಹಿಂದಿನ ರಾತ್ರಿ ತಾವೇ ದೊಂಬಿ ಎಬ್ಬಿಸಿದ್ದು ತಿಳಿಯುತ್ತದೆ, ಅಲ್ಲಿಯವರೆಗೆ ಸರಿ. ಭಿಕ್ಷುವಿನ ಬೌದ್ಧ ವಿಹಾರಕ್ಕೆ ಬಂದಮೇಲೆ ಮುಂದಿನ ದಾರಿ ತೋರಿಸುವುದು ಯಾವ ವಸ್ತುವೂ ಅಲ್ಲ, ಆ್ಯಲನ್‌ನ ಧ್ಯಾನ. ಕಣ್ಣು ಮುಚ್ಚಿ ಕೂತವನಿಗೆ ರಾತ್ರಿ ಹೋದ ಕ್ಲಬ್ ನೆನಪಾಗುತ್ತದೆ. ಯಾರಿಗೂ ನೆನಪಿಲ್ಲ ಎಂಬುದೇ ಕಥೆಯ ಕರಾರು. ಬೇಕೆಂದಾಗ ಒಬ್ಬನಿಗೆ ನೆನಪು ಮರಳಿದರೆ ಕರಾರು ಮುರಿದ ಹಾಗೆ. ಮುಂದೆ ಸ್ಟೂನ ಹೊಟ್ಟೆಯ ಮೇಲೆ ಬರೆದ ವಿಳಾಸ ಹಿಡಿದು, ಟೆಡ್ಡಿ ತನ್ನ ವಶದಲ್ಲಿದ್ದಾನೆನ್ನುವ ಕಿಂಗ್ಸ್‌ಲಿಯನ್ನು ಭೇಟಿಯಾಗುವುದು, ಅವನು ಕೇಳುವ ಚೌನ ಬ್ಯಾಂಕ್ ಖಾತೆಯ ಪಾಸ್‌ವರ್ಡು, ಅದಕ್ಕಾಗಿ ಕೋತಿಯ ಬೆನ್ನಟ್ಟುವುದು ಎಲ್ಲ ಸೇರಿ ದೊಡ್ಡ ಭಾಗವನ್ನೇ ತಿನ್ನುತ್ತವೆ. ಕೊನೆಗೆ ನೋಡಿದರೆ ಕಿಂಗ್ಸ್‌ಲಿ ಇಂಟರ್‌ಪೋಲಿನವನು, ಟೆಡ್ಡಿ ಎಲ್ಲಿದ್ದಾನೆಂದು ಅವನಿಗೂ ಗೊತ್ತಿಲ್ಲ. ಅಂದರೆ ಅಷ್ಟೂ ಓಡಾಟ ಹುಡುಗನ ಕಡೆಗೆ ಒಂದು ಹೆಜ್ಜೆಯೂ ಸರಿದಿಲ್ಲ. ಎರಡನೆಯ ಅರ್ಧದಲ್ಲಿ ಚಿತ್ರ ಜಗ್ಗುವುದು ಇದಕ್ಕೇ. ದೃಶ್ಯಗಳೇನೋ ಚುರುಕಾಗಿವೆ, ಆದರೆ ಅವು ಎಲ್ಲಿಗೂ ತಲುಪಿಸುವುದಿಲ್ಲ.

ಪರಿಹಾರ ಮಾತ್ರ ನಿಜಕ್ಕೂ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಆ ಹೋಟೆಲಿನಲ್ಲಿ ಕರೆಂಟು ಹೋಗಿ ಬಂದು ಮಾಡುವುದನ್ನು ಮೊದಲಿನಿಂದ ತೋರಿಸಿರುತ್ತಾರೆ. ಬೆರಳಿದ್ದ ಬಟ್ಟಲಿನಲ್ಲಿ ಐಸು ಕರಗಿರುತ್ತದೆ. ಮಧ್ಯರಾತ್ರಿ ಎದ್ದ ಟೆಡ್ಡಿ ಬೇರೆ ಐಸು ತರಲು ಲಿಫ್ಟ್ ಹತ್ತಿದ, ಕರೆಂಟು ಹೋಯಿತು, ಅಲ್ಲೇ ಸಿಕ್ಕಿಬಿದ್ದ. ಎರಡನೆಯ ಸಲ ನೋಡುವವರು ಮೊದಲ ಕೋಣೆಯ ದೃಶ್ಯದಲ್ಲಿ ಬಟ್ಟಲಿನ ಮೇಲೆ, ದೀಪಗಳ ಮೇಲೆ ಕಣ್ಣಿಟ್ಟರೆ ಈ ಹೆಣಿಗೆ ಕಾಣುತ್ತದೆ. (ಬೆರಳಿನ ವಿಷಯ ಬಂದದ್ದರಿಂದ ಒಂದು ಮಾತು: ತುಂಡಾದ ಬೆರಳನ್ನು ನೀರಿನಲ್ಲಾಗಲಿ ನೇರವಾಗಿ ಐಸಿನಲ್ಲಾಗಲಿ ಇಡಬಾರದು. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸಿನ ಮೇಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಡಾಕ್ಟರಾಗಲು ಹೊರಟ ಹುಡುಗನಿಗೆ ಇದು ಗೊತ್ತಿರುತ್ತಿತ್ತು.)

ಇನ್ನು ಪೆಟ್ಟಿನ ವಿಷಯ. ಮೊದಲ ಭಾಗದಲ್ಲಿ ಎಡವಟ್ಟು ಮಾಡಿದವರೇ ಅದರ ಬೆಲೆ ತೆತ್ತರು. ಹಲ್ಲು ಹೋದದ್ದು ಸ್ಟೂನದು, ಬಿಸಿಲಿಗೆ ಸುಟ್ಟದ್ದು ಡಗ್‌ನ ಮೈ, ಟೈಸನ್ ಗುದ್ದಿದ್ದು ಆ್ಯಲನ್‌ಗೆ. ಇಲ್ಲಿ ಬೆರಳು ಕಳೆದುಕೊಂಡವನು ಏನೂ ಮಾಡದ ಹುಡುಗ. ಅಪ್ಪನ ಒತ್ತಾಯಕ್ಕೆ ಕಟ್ಟುಬಿದ್ದಿದ್ದವನು ಒಂದು ಬಿಯರಿಗೆಂದು ಇವರ ಜೊತೆ ಹೋದವನು. ಸಮುದ್ರ ತೀರದ ಬೆಂಕಿಯ ಸುತ್ತ ಕೂತಾಗ ಆ್ಯಲನ್ ಮಾರ್ಷ್‌ಮೆಲೊಗಳಲ್ಲಿ ಮದ್ದು ಬೆರೆಸಿರುತ್ತಾನೆ, ಅದೂ ಟೆಡ್ಡಿಯೊಬ್ಬನಿಗೇ ಎಂದು. ಪೊಟ್ಟಣ ಅದಲುಬದಲಾಗಿ ಎಲ್ಲರೂ ತಿಂದರು. ಹದಿಹರೆಯದವನಿಗೆ ಬೇಕೆಂದೇ ಮದ್ದು ಹಾಕಿದ ಮೇಲೆ ‘ತಿಳಿಯದೆ ಆಯಿತು’ ಎಂಬ ರಕ್ಷೆ ಹೋಗಿಬಿಡುತ್ತದೆ. ಹಾಸ್ಯ ಚಿತ್ರದಲ್ಲಿ ಆ ರಕ್ಷೆ ಬಹಳ ಮುಖ್ಯ. ಕೊನೆಯಲ್ಲಿ ಟೆಡ್ಡಿ ನಗುನಗುತ್ತಾ ಇದು ತನ್ನ ಬದುಕಿನ ಅತ್ಯುತ್ತಮ ರಾತ್ರಿ ಎಂಬಂತೆ ನಡೆದುಕೊಳ್ಳುತ್ತಾನೆ. ಚೆಲ್ಲೊ ನುಡಿಸುವ, ಶಸ್ತ್ರಚಿಕಿತ್ಸಕನಾಗಬಹುದಾದ ಕೈಯದು. ಚಿತ್ರ ಆ ಕೈಯ ಬಗ್ಗೆ ಒಂದರೆಕ್ಷಣವೂ ಯೋಚಿಸುವುದಿಲ್ಲ. ನೋಡುವವರು ಯೋಚಿಸುತ್ತಾರೆ, ನಗು ಗಂಟಲಲ್ಲೇ ನಿಲ್ಲುತ್ತದೆ.

ಫಿಲಿಪ್ಸ್ 2019ರಲ್ಲಿ ‘ಜೋಕರ್’ ಎಂಬ ಕರಾಳ ಚಿತ್ರ ಮಾಡಿದರು. ಅದೇ ವರ್ಷ ಮೇಜಿನ್ ಅವರು ಬರೆದ, ಅಣು ದುರಂತದ ಕುರಿತ ‘ಚೆರ್ನೋಬಿಲ್’ ಸರಣಿ ಬಂತು. ಹ್ಯಾಂಗೊವರ್ ಸರಣಿಯ ಛಾಯಾಗ್ರಾಹಕ ಲಾರೆನ್ಸ್ ಶರ್ ‘ಜೋಕರ್’ಗೂ ಕ್ಯಾಮೆರಾ ಹಿಡಿದವರು. ಇದನ್ನು ತಿಳಿದು ಮತ್ತೆ ನೋಡಿದರೆ ಪಾರ್ಟ್ 2 ಬೇರೆಯದೇ ಚಿತ್ರವಾಗಿ ಕಾಣುತ್ತದೆ. ಹಾಸ್ಯದ ಅಂಗಿ ತೊಟ್ಟಿದ್ದರೂ ಮೈಯೆಲ್ಲ ಭಯದ ಚಿತ್ರ. ಕೋಣೆಯ ಗೋಡೆಗಳ ಹಸಿರು ಪಾಚಿ ಬಣ್ಣ, ಬೆವರಿದ ಮುಖಗಳು, ತಲೆಯ ಮೇಲೆ ತೂಗುವ ವಿದ್ಯುತ್ ತಂತಿಗಳ ಗೋಜಲು, ಊರನ್ನು ಮೇಲಿನಿಂದ ತೋರಿಸುವ ಆರಂಭದ ದೃಶ್ಯಗಳು. ಮೊದಲ ಭಾಗದ ವೇಗಸ್ ಬಿಸಿಲಲ್ಲಿ ಬಿಳಿಚಿಕೊಂಡ ಆಟದ ಬಯಲಾಗಿತ್ತು. ಇಲ್ಲಿಯ ಬ್ಯಾಂಕಾಕ್ ಜನರನ್ನು ನುಂಗುವ ಊರು. ಊರು ಅವನನ್ನು ಇಟ್ಟುಕೊಂಡಿತು ಎಂಬ ಅರ್ಥದ ಮಾತನ್ನು ಪಾತ್ರಗಳು ಮತ್ತೆ ಮತ್ತೆ ಆಡುತ್ತವೆ. ಕಸುಬಿನ ದೃಷ್ಟಿಯಿಂದ ಇದು ಮೊದಲನೆಯದಕ್ಕಿಂತ ಮೇಲು. ಹಾಸ್ಯ ಚಿತ್ರಗಳನ್ನು ಸಾಮಾನ್ಯವಾಗಿ ಎಲ್ಲ ಕಡೆ ಸಮನಾಗಿ ಬೆಳಕು ಚೆಲ್ಲಿ ತೆಗೆಯುತ್ತಾರೆ, ಮುಖ ಚೆನ್ನಾಗಿ ಕಂಡರೆ ನಗು ಬೇಗ ಬರುತ್ತದೆಂದು. ಶರ್ ಅದನ್ನು ಮಾಡಲಿಲ್ಲ. ಫಲ ನೋಡಲು ಸೊಗಸು, ನಗಲು ಭಾರ.

ಥಾಯ್ಲೆಂಡನ್ನು ಬಲ್ಲವರಿಗೆ ಎರಡು ಕಡೆ ಚಿತ್ರ ಎಡವುವುದು ಕಾಣುತ್ತದೆ. ಮದುವೆಯ ದೃಶ್ಯಗಳನ್ನು ತೆಗೆದದ್ದು ಕ್ರಾಬಿಯ ರೆಸಾರ್ಟ್ ಒಂದರಲ್ಲಿ. ಕ್ರಾಬಿ ಅಂಡಮಾನ್ ಸಮುದ್ರದ ಕಡೆ, ಬ್ಯಾಂಕಾಕ್ ಥಾಯ್ಲೆಂಡ್ ಕೊಲ್ಲಿಯ ಕಡೆ. ನಡುವೆ ಇಡೀ ಪರ್ಯಾಯದ್ವೀಪ ಅಡ್ಡ ಇದೆ. ಕೊನೆಯಲ್ಲಿ ಚೌನ ವೇಗದ ದೋಣಿ ಹತ್ತಿ ಮದುವೆಗೆ ಬರುತ್ತಾರಲ್ಲ, ಆ ತೀರಕ್ಕೆ ದೋಣಿಯಲ್ಲಿ ಬರಬೇಕಾದರೆ ಮಲೇಷ್ಯಾ ಬಳಸಿ, ಸಿಂಗಪುರದ ಜಲಸಂಧಿ ದಾಟಿ ಬರಬೇಕು. ಎರಡನೆಯದು ವಿಹಾರದ ಮೌನ. ಮಾತಾಡಿದವರಿಗೆ ಕೋಲಿನ ಪೆಟ್ಟು ಎಂಬುದು ಆ ದೃಶ್ಯದ ತಮಾಷೆ. ಥಾಯ್ ಭಿಕ್ಷುಗಳು ಅನುಸರಿಸುವ ಥೇರವಾದ ಪಂಥದ ವಿನಯಪಿಟಕದಲ್ಲೇ, ಅಂದರೆ ಭಿಕ್ಷುಗಳ ನಿಯಮಗ್ರಂಥದಲ್ಲೇ, ಮಳೆಗಾಲವಿಡೀ ಮಾತಾಡದೆ ಕಳೆದ ಭಿಕ್ಷುಗಳನ್ನು ಬುದ್ಧ ಆಕ್ಷೇಪಿಸಿ ಮೂಕವ್ರತ ಬೇಡವೆಂದ ಪ್ರಸಂಗವಿದೆ. ತಮಾಷೆಗೆಂದು ಇಷ್ಟು ಸಡಿಲ ಬಿಡಬಹುದೆನ್ನುವವರೂ ಇದ್ದಾರೆ. ಆದರೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಿರುವ ಥಾಯ್ ಪಾತ್ರಗಳೇ ವಿರಳವಾಗಿರುವ ಚಿತ್ರದಲ್ಲಿ, ಇರುವ ನಾಲ್ಕು ವಿವರಗಳಾದರೂ ಸರಿಯಿರಬೇಕಿತ್ತು.

ಮಾತಿರುವ ಥಾಯ್ ಪಾತ್ರವೆಂದರೆ ಹುಡುಗಿಯ ಅಪ್ಪ. ಥಾಯ್ ಚಿತ್ರರಂಗದ ಹಿರಿಯ ನಟ ನಿರುತ್ ಸಿರಿಜನ್ಯ ಮಾಡಿದ್ದಾರೆ. ಅತಿಥಿಗಳೆಲ್ಲ ಸೇರಿದ ಊಟದಲ್ಲಿ ಆತ ಎದ್ದುನಿಂತು ಮದುಮಗನನ್ನು ಗಂಜಿಗೆ ಹೋಲಿಸುತ್ತಾನೆ: ಹಲ್ಲು ಬಾರದ ಮಕ್ಕಳಿಗೆ, ಹಲ್ಲು ಉದುರಿದ ಮುದುಕರಿಗೆ ಹಿಡಿಸುವಂಥದ್ದು, ಯಾರಿಗೂ ತೊಂದರೆ ಕೊಡದು, ರುಚಿಯೂ ಇರದು. ಇಡೀ ಚಿತ್ರದಲ್ಲಿ ಅತ್ಯಂತ ಚೆನ್ನಾಗಿ ಬರೆದ ಭಾಗ ಇದೇ. ಅಮೆರಿಕದ ಪ್ರೇಕ್ಷಕರಿಗೆ ಅದು ಪರದೇಶದ ತಿನಿಸು; ಜ್ವರ ಬಂದಾಗ ಗಂಜಿ ಕುಡಿದು ಬೆಳೆದ ನಮಗೆ ಆ ಅವಮಾನ ನೇರ ನಾಲಿಗೆಗೇ ತಾಕುತ್ತದೆ. ಸ್ವರ ಏರಿಸದೆ, ಮುಗುಳ್ನಗುತ್ತಾ, ಬೀಗರ ಎದುರು ಆಡಿದ ಮಾತು. ಎಡ್ ಹೆಲ್ಮ್ಸ್ ಅದನ್ನು ನುಂಗಿಕೊಳ್ಳುವ ಮುಖ ನೋಡಬೇಕು. ಕೊನೆಯಲ್ಲಿ ಸ್ಟೂ ಮಾವನ ಮುಂದೆ ನಿಂತು ತನ್ನೊಳಗೊಂದು ಭೂತವಿದೆ, ತಾನು ಗಂಜಿಯಲ್ಲ ಎನ್ನುವುದಕ್ಕೆ ಬುನಾದಿ ಬಿದ್ದದ್ದು ಇಲ್ಲಿ. ಸುಳಿವಿನ ಸರಪಳಿ ಕಡಿದರೂ ಈ ಒಂದು ಎಳೆ ಕೊನೆತನಕ ಗಟ್ಟಿಯಾಗಿ ನಿಲ್ಲುತ್ತದೆ.

ಚಿತ್ರವನ್ನು ಎತ್ತಿ ಹಿಡಿದವರು ಗ್ಯಾಲಿಫಿಯಾನಾಕಿಸ್. ಇಲ್ಲಿ ಆ್ಯಲನ್‌ಗೆ ಕಥೆಯಲ್ಲಿ ನಿಜವಾದ ಕಾರಣವಿದೆ: ಹೊಟ್ಟೆಕಿಚ್ಚು. ಮೂವರೇ ಇದ್ದ ಗುಂಪಿಗೆ ನಾಲ್ಕನೆಯವನಾಗಿ ಟೆಡ್ಡಿ ಬಂದದ್ದನ್ನು ಅವನು ಸಹಿಸಲಾರ, ಮಗು ತನ್ನ ಆಟಿಕೆ ಬಿಟ್ಟುಕೊಡದ ಹಾಗೆ. ಮೇಲೆ ದೂರಿದ ಧ್ಯಾನದ ದೃಶ್ಯ ಕಥೆಗೆ ಮೋಸ ಮಾಡಿದರೂ ಪಾತ್ರಕ್ಕೆ ಮಾಡುವುದಿಲ್ಲ. ಆ್ಯಲನ್ ನೆನಪಿಸಿಕೊಳ್ಳುವ ರಾತ್ರಿಯಲ್ಲಿ ಎಲ್ಲರೂ ಚಿಕ್ಕ ಹುಡುಗರು. ಕ್ಲಬ್ಬು, ದೊಂಬಿ, ಓಟ ಎಲ್ಲವನ್ನೂ ಬಾಲನಟರು ಆಡುತ್ತಾರೆ. ತನ್ನನ್ನೂ ಗೆಳೆಯರನ್ನೂ ಅವನು ಕಾಣುವುದೇ ಹಾಗೆ ಎಂದು ಒಂದು ಮಾತಿಲ್ಲದೆ ತಿಳಿಯುತ್ತದೆ. ಸರಣಿಯ ಮೂರೂ ಭಾಗಗಳಲ್ಲಿ ಇದಕ್ಕೆ ಸಮನಾದ ಕಲ್ಪನೆ ಇನ್ನೊಂದಿಲ್ಲ. ಕೆನ್ ಜಿಯಾಂಗ್ ಬಂದ ಕೂಡಲೇ ದೃಶ್ಯದ ಗತಿ ಏರುತ್ತದೆ, ಅವರಿಗೆ ಕೊಟ್ಟ ಜಾಗವೂ ಮೊದಲಿಗಿಂತ ಹೆಚ್ಚು. ಪಾಲ್ ಜಿಯಾಮಾಟಿ ಕಿಂಗ್ಸ್‌ಲಿಯಾಗಿ ಸಿಟ್ಟನ್ನು ಚೆನ್ನಾಗಿ ಆಡಿದ್ದಾರೆ. ಕೂಪರ್‌ಗೆ ‘ನಡೀರಿ, ಮುಂದೆ ಹೋಗೋಣ’ ಎನ್ನುವುದಕ್ಕಿಂತ ಹೆಚ್ಚಿನ ಕೆಲಸ ಕೊಟ್ಟಿಲ್ಲ. ಡಗ್ ಪಾತ್ರದ ಜಸ್ಟಿನ್ ಬಾರ್ಥಾ ಈ ಸಲವೂ ಆಟದಿಂದ ಹೊರಗೆ, ರೆಸಾರ್ಟಿನಲ್ಲಿ ಫೋನು ಕಾಯುತ್ತಾ ಕೂರುತ್ತಾರೆ.

ಸ್ಟೂನ ಹಚ್ಚೆಗೆ ಚಿತ್ರದ ಹೊರಗೂ ಒಂದು ಕಥೆಯಿದೆ, ಅದನ್ನು ತಿಳಿದು ನೋಡುವುದು ಚೆನ್ನ. ಮೊದಲ ಭಾಗದಲ್ಲಿ ಹೆಲ್ಮ್ಸ್ ಬಾಯಿಯ ಆ ಸಂದು ನಿಜದ್ದು: ಹದಿಹರೆಯದಿಂದಲೂ ಅವರಿಗೆ ಅಲ್ಲೊಂದು ಕೃತಕ ಹಲ್ಲಿತ್ತು, ಚಿತ್ರೀಕರಣಕ್ಕೆಂದು ತೆಗೆಸಿದ್ದರು. ಎರಡನೆಯದರಲ್ಲಿ ಎಡಗಣ್ಣಿನ ಸುತ್ತ ಬರೆದದ್ದು ಮೈಕ್ ಟೈಸನ್ ಮುಖದ ಹಚ್ಚೆಯದೇ ಪ್ರತಿ. ಟೈಸನ್‌ಗೆ 2003ರಲ್ಲಿ ಅದನ್ನು ಹಾಕಿದ ಕಲಾವಿದ ವಿಕ್ಟರ್ ವಿಟ್‌ಮಿಲ್, ಆ ವಿನ್ಯಾಸದ ಹಕ್ಕು ತನ್ನದೆಂದು ಟೈಸನ್‌ರಿಂದ ಆಗಲೇ ಬರೆಸಿಕೊಂಡಿದ್ದರು. 2011ರ ಏಪ್ರಿಲ್ ಕೊನೆಯಲ್ಲಿ ಅವರು ಚಿತ್ರದ ಕಂಪನಿ ವಾರ್ನರ್ ಬ್ರದರ್ಸ್ ಮೇಲೆ ಮೊಕದ್ದಮೆ ಹೂಡಿ, ಚಿತ್ರದ ಬಿಡುಗಡೆಗೇ ತಡೆ ಕೇಳಿದರು. ಮೇ 24ರಂದು, ಅಂದರೆ ಬಿಡುಗಡೆಗೆ ಎರಡು ದಿನ ಮೊದಲು, ಸೇಂಟ್ ಲೂಯಿಯ ಫೆಡರಲ್ ನ್ಯಾಯಾಧೀಶೆ ಕ್ಯಾಥರೀನ್ ಪೆರಿ ತಡೆ ಕೊಡಲು ನಿರಾಕರಿಸಿದರು. ಆದರೆ ಕಲಾವಿದನ ವಾದದಲ್ಲಿ ಹುರುಳಿದೆ, ಗೆಲ್ಲುವ ಸಂಭವ ಬಲವಾಗಿದೆ ಎಂದೂ ಹೇಳಿದರು. ರಾಜಿಯಾಗದಿದ್ದರೆ ಮನೆಯಲ್ಲಿ ನೋಡುವ ಪ್ರತಿಯಲ್ಲಿ ಹಚ್ಚೆಯನ್ನು ಕಂಪ್ಯೂಟರಿನಿಂದ ಬದಲಿಸುವುದಾಗಿ ಕಂಪನಿ ಹೇಳಿತ್ತು. ಜೂನ್‌ನಲ್ಲಿ ರಾಜಿಯಾಯಿತು, ಹಚ್ಚೆ ಹಾಗೇ ಉಳಿಯಿತು. ಮೈಮೇಲಿನ ಚಿತ್ರಕ್ಕೂ ಕೃತಿಸ್ವಾಮ್ಯ ಉಂಟೇ ಎಂಬ ಪ್ರಶ್ನೆ ಬಂದಾಗಲೆಲ್ಲ ಅಮೆರಿಕದ ವಕೀಲರು ಈ ಪ್ರಕರಣವನ್ನು ನೆನೆಯುತ್ತಾರೆ.

ಕೋತಿ ಕ್ರಿಸ್ಟಲ್ ಎಂಬ ಹೆಣ್ಣು ಕಪೂಚಿನ್, ಅದಾಗಲೇ ಹಲವು ಚಿತ್ರಗಳಲ್ಲಿ ಪಳಗಿದ್ದ ನಟಿ. ಅದು ಸಿಗರೇಟು ಸೇದುವ ದೃಶ್ಯ ಕಂಡು ಮನಸ್ಸು ಕೆಡಿಸಿಕೊಳ್ಳಬೇಕಿಲ್ಲ. ಸಿಗರೇಟು ನಕಲಿ, ಹೊತ್ತಿಸಲೇ ಇಲ್ಲ, ಹೊಗೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಮನಸ್ಸು ಕೆಡಬೇಕಾದ್ದು ಕಾರುಗಳ ಬೆನ್ನಟ್ಟುವಿಕೆಯ ಬಗ್ಗೆ: 2010ರ ಡಿಸೆಂಬರಿನಲ್ಲಿ ಅದರ ಚಿತ್ರೀಕರಣದ ವೇಳೆ ಆಸ್ಟ್ರೇಲಿಯಾದ ಸಾಹಸ ಕಲಾವಿದರೊಬ್ಬರ ತಲೆಗೆ ತೀವ್ರ ಪೆಟ್ಟಾಯಿತು. ಕಥೆಗೆ ಅಷ್ಟೇನೂ ಬೇಕಿಲ್ಲದ ದೃಶ್ಯವದು. ಅದಕ್ಕೆ ಒಬ್ಬರು ತೆತ್ತ ಬೆಲೆ ತಿಳಿದಮೇಲೆ ಹಂದಿಗಳ ಲಾರಿ ಅಡ್ಡಬರುವ ಆ ತಮಾಷೆ ಸಪ್ಪೆಯಾಗುತ್ತದೆ.

ಹಳತಾದಂತೆ ಹೆಚ್ಚು ಕೆಟ್ಟ ದೃಶ್ಯವೆಂದರೆ ಕ್ಲಬ್ಬಿನದು. ರಾತ್ರಿ ತಾನು ಮಲಗಿದ್ದು ಲಿಂಗತ್ವ ಅಲ್ಪಸಂಖ್ಯಾತೆ ಕಿಮ್ಮಿಯೊಂದಿಗೆ ಎಂದು ಸ್ಟೂಗೆ ತಿಳಿಯುವ ಪ್ರಸಂಗ. ಕಿಮ್ಮಿ ಮಾತಾಡುವುದು ಅಕ್ಕರೆಯಿಂದಲೇ. ಪಾತ್ರ ಮಾಡಿದವರ ಮೇಲೆ ದೂರಿಲ್ಲ. ಆದರೆ ನಗು ಬರಬೇಕೆಂದು ಚಿತ್ರ ನಂಬಿರುವುದು ಆಕೆಯ ದೇಹದ ಮೇಲೆ, ಅದನ್ನು ಕಂಡು ಸ್ಟೂ ಪಡುವ ಹೇಸಿಗೆಯ ಮೇಲೆ. ಮೊದಲ ಭಾಗದಲ್ಲಿ ಸ್ಟೂ ಅರಿಯದೆ ಮದುವೆಯಾದ ಜೇಡ್‌ಗೆ ಮಗುವಿತ್ತು, ಮನೆಯಿತ್ತು, ತನ್ನದೇ ಬದುಕಿತ್ತು. ಕಿಮ್ಮಿಗೆ ಒಂದು ಆಘಾತದ ಕ್ಷಣ ಬಿಟ್ಟರೆ ಏನೂ ಇಲ್ಲ. ಇದನ್ನು ಗೆಳೆಯರೊಂದಿಗೆ ನೋಡುವಾಗ ಕೋಣೆ ಮೌನವಾಗುವುದುಂಟು, ಆ ಮೌನವೇ ಸರಿಯಾದ ವಿಮರ್ಶೆ.

ನೋಡುವ ಬಗೆಗೆ ಬರೋಣ. ಎರಡು ಭಾಗಗಳನ್ನು ಒಂದೇ ರಾತ್ರಿ ಬೆನ್ನುಬೆನ್ನಿಗೆ ಹಾಕಬೇಡಿ. ಹಲವರು ಮಾಡುವ ತಪ್ಪು ಇದೇ, ನಕಲಿನ ದೂರು ಜೋರಾಗುವುದೂ ಆಗಲೇ. ಚಿತ್ರಮಂದಿರದಲ್ಲಿ ನೋಡಿದವರಿಗೆ ನಡುವೆ ಎರಡು ವರ್ಷದ ಅಂತರವಿತ್ತು. ಮನೆಯಲ್ಲಿ ಒಂದೆರಡು ತಿಂಗಳಾದರೂ ಬಿಟ್ಟರೆ ಕೋತಿ ಹುಲಿಯನ್ನು ಅಷ್ಟಾಗಿ ನೆನಪಿಸದು. ನಾಲ್ಕರಿಂದ ಆರು ಜನ ಸೇರಿ ನೋಡುವುದು ಮೇಲು. ಇಂಥ ಚಿತ್ರಗಳನ್ನು ಸಂಕಲನ ಮಾಡುವಾಗ ದೊಡ್ಡ ನಗುವಿನ ನಂತರ ಒಂದೆರಡು ಕ್ಷಣ ಮಾತಿಲ್ಲದೆ ಬಿಟ್ಟಿರುತ್ತಾರೆ, ಸಭೆಯ ಗದ್ದಲದಲ್ಲಿ ಮುಂದಿನ ಮಾತು ಮುಳುಗದಿರಲೆಂದು. ಒಬ್ಬರೇ ನೋಡುವಾಗ ಆ ಸಂದುಗಳು ಖಾಲಿಯಾಗಿ ಕಂಡು ಚಿತ್ರ ನಿಧಾನವೆನಿಸುತ್ತದೆ.

ಶಬ್ದ ದೊಡ್ಡ ತಲೆನೋವು. ಆ್ಯಲನ್‌ನ ಅರ್ಧ ಜೋಕುಗಳು ಬಾಯೊಳಗೇ ಗೊಣಗಿದವು. ಅದರ ಬೆನ್ನಿಗೆ ಗುಂಡು, ಟಯರು, ಕ್ಲಬ್ಬಿನ ಹಾಡು ಕಿವಿಗೆ ಬಡಿಯುತ್ತವೆ. ಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಪಕ್ಕದ ಮನೆಯವರು ಏಳುತ್ತಾರೆ. ಟೀವಿಯ ಅಥವಾ ಸೌಂಡ್‌ಬಾರಿನ ಸೆಟ್ಟಿಂಗಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿಕೊಳ್ಳಿ, ಜೋರು ಮತ್ತು ಮೆಲುದನಿಯ ಅಂತರ ಕುಗ್ಗುತ್ತದೆ. ಟೀವಿಯ ಸ್ಪೀಕರ್ ಮಾತ್ರ ಇದ್ದರೆ ಆಡಿಯೊವನ್ನು 5.1 (ಹಲವು ಸ್ಪೀಕರುಗಳಿಗೆ ಹಂಚುವ ಬಗೆ) ಬಿಟ್ಟು ಸ್ಟೀರಿಯೊಗೆ ಬದಲಿಸಿ ನೋಡಿ, ಮಾತು ಹೆಚ್ಚು ಸ್ಪಷ್ಟವಾಗಬಹುದು. ಸಬ್‌ಟೈಟಲ್ ಬೇಕೇ ಎಂಬುದು ಕಷ್ಟದ ಪ್ರಶ್ನೆ. ಅಮೆರಿಕದ ಆಡುಮಾತು ಕಿವಿಗೆ ಹತ್ತದವರಿಗೆ ಬೇಕೇ ಬೇಕು. ಆದರೆ ಸಾಲು ಪರದೆಗೆ ಬರುವುದು ಮಾತಿನ ಆರಂಭಕ್ಕೆ; ಜೋಕಿನ ಕೊನೆಯ ಪದವನ್ನು ನಟ ಆಡುವ ಮುಂಚೆಯೇ ಓದಿ ಮುಗಿಸಿರುತ್ತೇವೆ. ಗ್ಯಾಲಿಫಿಯಾನಾಕಿಸ್ ಆಟವೆಲ್ಲ ಇರುವುದು ಆ ಪದಕ್ಕೆ ಮುಂಚಿನ ತಡೆಯಲ್ಲಿ. ಮೊದಲ ಸಲ ಸಬ್‌ಟೈಟಲ್ ಇಟ್ಟು, ಮೆಚ್ಚಿದ ದೃಶ್ಯಗಳನ್ನು ಎರಡನೆಯ ಸಲ ತೆಗೆದು ನೋಡಿದರೆ ಎರಡರ ಲಾಭವೂ ಸಿಗುತ್ತದೆ.

ಮಕ್ಕಳಿರುವ ಮನೆಯಲ್ಲಿ, ಹಿರಿಯರು ಕೂತಿರುವ ಹಾಲಿನಲ್ಲಿ ಹಾಕುವ ಚಿತ್ರ ಇದಲ್ಲ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ, ಅಂದರೆ 17ಕ್ಕಿಂತ ಕಿರಿಯರು ದೊಡ್ಡವರಿಲ್ಲದೆ ನೋಡುವಂತಿಲ್ಲ. ಬೈಗುಳ ಸಾಲುಸಾಲಿಗೂ ಇದೆ, ನಗ್ನತೆ ನೇರವಾಗಿದೆ, ಮಾದಕ ವಸ್ತು ಮುಚ್ಚುಮರೆಯಿಲ್ಲದೆ ಇದೆ. ಟೀವಿ ವಾಹಿನಿಗೆ ಕತ್ತರಿಸಿದ ಪ್ರತಿ ಸಿಕ್ಕರೂ ಬೇಡ. ಚೌ ಆಡುವ ಮಾತಿನಲ್ಲಿ ಬೈಗುಳವೇ ಮುಕ್ಕಾಲು ಪಾಲು. ಅದನ್ನು ‘ಬೀಪ್’ ಮಾಡಿದರೆ ಪಾತ್ರವೇ ಅಳಿಸಿಹೋಗುತ್ತದೆ, ದೃಶ್ಯ ಕತ್ತರಿಸಿದರೆ ಮೊದಲೇ ಸಡಿಲವಾದ ಸುಳಿವಿನ ಸರಪಳಿ ಇನ್ನಷ್ಟು ಬಿಚ್ಚುತ್ತದೆ.

ಚಿತ್ರ ಜಗತ್ತಿನಾದ್ಯಂತ ಸುಮಾರು 58 ಕೋಟಿ ಡಾಲರ್ ಗಳಿಸಿತು. ಅಮೆರಿಕದಲ್ಲಿ ಮಾತ್ರ ಮೊದಲ ಭಾಗದ 27.7 ಕೋಟಿಯ ಎದುರು 25.4 ಕೋಟಿಗೆ ಇಳಿಯಿತು. ಮೊದಲ ಭಾಗ ಬಾಯಿಂದ ಬಾಯಿಗೆ ಹಬ್ಬಿ ವಾರಗಟ್ಟಲೆ ಓಡಿತ್ತು. ಎರಡನೆಯದಕ್ಕೆ ಮೊದಲ ನಾಲ್ಕೈದು ದಿನವೇ ಜನ ಮುಗಿಬಿದ್ದರು, ನೋಡಿ ಬಂದವರು ಇತರರನ್ನು ಅಷ್ಟಾಗಿ ಕಳಿಸಲಿಲ್ಲ. 2013ರ ಮೂರನೆಯ ಭಾಗದಲ್ಲಿ ಮರೆತ ರಾತ್ರಿಯ ಕಥೆಯನ್ನೇ ಕೈಬಿಟ್ಟರು, ಗಳಿಕೆ ಸುಮಾರು 36 ಕೋಟಿಗೆ ಬಿತ್ತು. ಜನ ಬಯಸಿದ್ದು ಅದೇ ನಕಾಶೆಯನ್ನು, ಅದರ ಮೇಲೆ ಇನ್ನೂ ಗಟ್ಟಿಯಾದ ಕಟ್ಟಡವನ್ನು.

ಕೊನೆಯ ಹೆಸರುಗಳು ಬರತೊಡಗಿದಾಗ ರಿಮೋಟ್ ಕೈಯಲ್ಲಿರಲಿ. ಸ್ಟ್ರೀಮಿಂಗ್ ಆ್ಯಪ್‌ಗಳು ಹೆಸರು ಬಂದದ್ದೇ ತಡ ಪರದೆಯನ್ನು ಮೂಲೆಗೆ ಕುಗ್ಗಿಸಿ ಮುಂದಿನ ಚಿತ್ರಕ್ಕೆ ಜಿಗಿಯುತ್ತವೆ. ಆ ಚಿಕ್ಕ ಚೌಕದ ಮೇಲೆ ಒತ್ತಿ ದೊಡ್ಡದು ಮಾಡಿಕೊಳ್ಳಬೇಕು. ಟೆಡ್ಡಿಯ ಫೋನಿನಲ್ಲಿ ಸಿಕ್ಕ ಆ ರಾತ್ರಿಯ ಫೋಟೊಗಳು ಬರುವುದು ಆಗಲೇ. ಬೆರಳು ಹೇಗೆ ಹೋಯಿತು, ತಲೆ ಯಾಕೆ ಬೋಳಾಯಿತು ಎಂಬುದಕ್ಕೆ ಉತ್ತರ ಅಲ್ಲಿದೆ. ಅವುಗಳಲ್ಲೊಂದು 1968ರಲ್ಲಿ ಎಡ್ಡಿ ಆ್ಯಡಮ್ಸ್ ಸೈಗಾನಿನ ಬೀದಿಯಲ್ಲಿ ತೆಗೆದ ಚಿತ್ರದ ಅಣಕು, ಕೈ ಕಟ್ಟಿದ ಸೆರೆಯಾಳಿನ ತಲೆಗೆ ಪೊಲೀಸ್ ಮುಖ್ಯಸ್ಥ ಪಿಸ್ತೂಲು ಹಿಡಿದದ್ದು. ಮೂಲ ಚಿತ್ರದಲ್ಲಿರುವವನು ಆ ಕ್ಷಣ ನಿಜವಾಗಿ ಸತ್ತವನು. ಅಣಕು ತೆರೆಯ ಮೇಲೆ ನಿಲ್ಲುವುದು ಒಂದೆರಡು ಕ್ಷಣ, ಮುಂದಿನ ಫೋಟೊ ಬಂದುಬಿಡುತ್ತದೆ. ಅದನ್ನು ತೆಗೆದುಹಾಕಿದ್ದರೆ ಚಿತ್ರಕ್ಕೆ ಒಂದು ನಗುವಿನ ನಷ್ಟವೂ ಆಗುತ್ತಿರಲಿಲ್ಲ.